ಸುಶೀಲಕಾಕುವಿನ ವಾಪಸ್ ಫೋಲ್ಡರು

ಸುಶೀಲವ್ವನಿಗೆ ಹೆಣ್ಣುಮಕ್ಕಳಿಲ್ಲ, ಇಬ್ಬರೂ ಗಂಡು. ಆದರೂ ಹಳಿಯಾಳ ತಾಲ್ಲೂಕಿನಲ್ಲಿ ಅವಳಷ್ಟು ಹೆಣ್ಣುಮಕ್ಕಳನ್ನು ಗಂಡನ ಮನೆಗೆ ಕಳಿಸಿದ ಹೆಂಗಸು ಇನ್ನೊಬ್ಬಳಿಲ್ಲ. ಸಂಬಂಧ ಕೂಡಿಸುವುದು ಅವಳಿಗೆ ಕಸುಬಲ್ಲ, ಚಟ. ಮದುವೆಯಲ್ಲಿ ಒಂದು ಕುಬಸದ ಖಣ, ಒಂದು ತೆಂಗಿನಕಾಯಿ, ಊಟದ ಮೊದಲ ಪಂಕ್ತಿಯಲ್ಲಿ ಒಂದು ಎಲೆ, ಇಷ್ಟು ಸಿಕ್ಕರೆ ಅವಳಿಗೆ ಸಾಕು. ಎಲೆ ಎರಡನೆಯ ಪಂಕ್ತಿಗೆ ಹೋಯಿತೋ, ಆ ಮನೆಯವರ ಮುಂದಿನ ಮಗಳ ವಿಷಯ ಬಂದಾಗ ಅವಳಿಗೆ ಎಲ್ಲಿಲ್ಲದ ಮೊಣಕಾಲು ನೋವು ಶುರುವಾಗುತ್ತಿತ್ತು. ಊರಿಗೆಲ್ಲ ಅವಳು ಸುಶೀಲಕಾಕು. ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ ಮೂವತ್ತು ವರ್ಷ ಬಸ್ಸುಗಳ ಹೆಸರು ಕೂಗಿ ನಿವೃತ್ತನಾದ ಗಂಡ ಮಹಾಂತಪ್ಪ ಕೂಡ ಆಗಾಗ ಬಾಯಿ ತಪ್ಪಿ ಕಾಕು ಎಂದುಬಿಡುತ್ತಿದ್ದ.

ಈ ಚಟಕ್ಕೆ ಅವಳು ಹಾಕಿಕೊಂಡ ಕಟ್ಟಳೆ ಒಂದೇ. ಹುಡುಗಿಯ ಫೋಟೋ ಅವಳ ಕೈಗೆ ಬಂದರೆ, ಸಂಬಂಧ ಕೂಡದಿದ್ದಾಗ ಎಂಟು ದಿನದೊಳಗೆ ಅದು ಹುಡುಗಿಯ ಮನೆಗೆ ವಾಪಸ್ ಹೋಗಬೇಕು. ಯಾರ ಕೈಯಲ್ಲೋ ಕೊಟ್ಟು ಕಳಿಸುವ ಮಾತಿಲ್ಲ. ತಾನೇ ಬಸ್ಸು ಹತ್ತಿ ಹೋಗಿ, ಫೋಟೋದ ಜೊತೆಗೆ ಕಾಗದದಲ್ಲಿ ಕಟ್ಟಿದ ಒಂದು ಹಿಡಿ ಸಕ್ಕರೆಯನ್ನು ಹುಡುಗಿಯ ಕೈಗೇ ಕೊಡುತ್ತಿದ್ದಳು. ಬೇಡವೆಂದು ಬಂದ ಫೋಟೋ ಬರಿಗೈಲಿ ಬರಬಾರದು, ಹುಡುಗಿಯ ಬಾಯಿ ಕಹಿಯಾಗುತ್ತದೆ ಎಂಬುದು ಅವಳ ಲೆಕ್ಕಾಚಾರ.

ಇದು ಸುಮ್ಮನೆ ಬಂದ ಪದ್ಧತಿಯಲ್ಲ. ಅವಳಿಗೆ ಹದಿನೇಳು ವರ್ಷವಾಗಿದ್ದಾಗ ಮುಂಡಗೋಡದ ಕಡೆಯ ಒಂದು ಮನೆಯವರು ಅವಳ ಫೋಟೋ ತೆಗೆದುಕೊಂಡು ಹೋಗಿದ್ದರು. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ಫೋಟೋ ಮರಳಿ ಕೊಡಲೂ ಇಲ್ಲ. ಎರಡು ವರ್ಷದ ಮೇಲೆ ಆ ಮನೆಗೆ ಹೋಗಿದ್ದ ಯಾರೋ ನೆಂಟರು, ಟ್ರಂಕಿನ ತಳಕ್ಕೆ ಹಾಸಿದ ಹಳೆಯ ಪೇಪರಿನ ಅಡಿಯಲ್ಲಿ ಅದನ್ನು ನೋಡಿದರಂತೆ. ಅಷ್ಟರಲ್ಲಿ ಅವಳಿಗೆ ಮಹಾಂತಪ್ಪನ ಜೊತೆ ಮದುವೆಯಾಗಿತ್ತು. ಆದರೂ ತನ್ನ ಮುಖ ಯಾರದೋ ಮನೆಯ ಟ್ರಂಕಿನಲ್ಲಿ ಬೋರಲಾಗಿ ಬಿದ್ದಿದೆ ಎಂಬ ಸಂಕಟ ಬಹಳ ವರ್ಷ ಅವಳನ್ನು ಬಿಡಲಿಲ್ಲ.

ಕಂಪ್ಯೂಟರ್ ಬಂದದ್ದು ಎರಡು ಸಾವಿರದ ಇಸವಿಯಲ್ಲಿ. ಹಿರಿಮಗ ಅನಿಲ ಗೋವೆಯ ಫೋಂಡಾದಲ್ಲಿ ಫೋಟೋ ಸ್ಟುಡಿಯೊ ಇಟ್ಟಿದ್ದ. ಅಂಗಡಿಗೆ ಹೊಸ ಯಂತ್ರ ತಂದಾಗ ಹಳೆಯದನ್ನೂ, ಅದರ ಸ್ಕ್ಯಾನರನ್ನೂ ಅಪ್ಪನಿಗೆ ಕೊಟ್ಟ. ಮಹಾಂತಪ್ಪ ಅದನ್ನು ಚಾದರದಲ್ಲಿ ಸುತ್ತಿ, ಬಾಣಂತಿಯನ್ನು ಕರೆತರುವ ಹಾಗೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿಸಿಕೊಂಡು ಬಂದ. ಅನಮೋಡದ ಚೆಕ್ ಪೋಸ್ಟಿನಲ್ಲಿ ಚಾದರ ಬಿಚ್ಚಿಸಿ ನೋಡಿದರು. ಗೋವೆಯ ಬಾಟಲಿ ಸಿಗುತ್ತದೆಂದು ಬಗ್ಗಿದವರಿಗೆ ಬೂದುಬಣ್ಣದ ಡಬ್ಬಿ ಕಂಡು ಮುಖ ಸಪ್ಪಗಾಯಿತು ಎಂದು ಮಹಾಂತಪ್ಪ ಇಂದಿಗೂ ಹೇಳುತ್ತಾನೆ.

ಕಂಪ್ಯೂಟರ್ ತಂದದ್ದು ಅವನು, ಅದನ್ನು ಕಲಿತದ್ದು ಅವಳು. ಅನಿಲ ದೀಪಾವಳಿಗೆ ಬಂದಾಗ ಮೂರು ದಿನ ಪಕ್ಕದಲ್ಲಿ ಕೂತು ಹೇಳಿಕೊಟ್ಟ. ಮೌಸು ಮೊದಲ ದಿನ ಮೇಜು ಬಿಟ್ಟು ಗೋಡೆಗೆ ಹೋಯಿತು. ಮೂರನೆಯ ದಿನಕ್ಕೆ ಸುಶೀಲವ್ವ ಫೋಟೋವನ್ನು ಸ್ಕ್ಯಾನರಿನ ಗಾಜಿನ ಮೇಲೆ ಮಲಗಿಸಿ, ಮುಚ್ಚಳ ಹಾಕಿ, ಅದು ಪರದೆಯ ಮೇಲೆ ಎದ್ದು ಬರುವಂತೆ ಮಾಡಿದ್ದಳು. ಫೋಟೋಗಳನ್ನಿಡಲು ಮೂರು ಫೋಲ್ಡರು ಮಾಡಿಕೊಂಡಳು. ತೋರಿಸಬೇಕಾದ ಹುಡುಗಿಯರು ‘ನೋಡೂದು’ ಎಂಬುದರಲ್ಲಿ, ಮದುವೆ ಗೊತ್ತಾದವರು ‘ಕೂಡಿದ್ದು’ ಎಂಬುದರಲ್ಲಿ. ಸಂಬಂಧ ತಪ್ಪಿದಾಗ ಕಾಗದದ ಫೋಟೋವನ್ನು ಸಕ್ಕರೆ ಸಮೇತ ಹುಡುಗಿಗೆ ಕೊಟ್ಟುಬಂದು, ಕೈಕಾಲು ತೊಳೆದು, ಕಂಪ್ಯೂಟರಿನಲ್ಲಿದ್ದ ಫೋಟೋವನ್ನು ಮೂರನೆಯ ಫೋಲ್ಡರಿಗೆ ಎಳೆದು ಬಿಡುತ್ತಿದ್ದಳು. ಅದರ ಹೆಸರು ‘ವಾಪಸ್’. ಅಲ್ಲಿಗೆ ಒಂದು ಭಾರ ಇಳಿದ ಹಾಗೆ ಅವಳಿಗೆ ಸಮಾಧಾನವಾಗುತ್ತಿತ್ತು.

ಗಂಡಿನ ಕಡೆಯವರು ಬಂದಾಗ ‘ನೋಡೂದು’ ತೆರೆಯುವಳು. ಒಪ್ಪಿಗೆಯಾಗದೆ ಅವರು “ಮತ್ತ ಯಾವರ ಅದಾವೇನ್ರಿ?” ಎಂದು ಕೇಳಿದರೆ ‘ವಾಪಸ್’ ಕೂಡ ಒಮ್ಮೆ ತೆರೆಯುವಳು. ಫೋಟೋ ಅಂತೂ ಕೊಟ್ಟಾಗಿದೆ, ಇಲ್ಲಿ ಸುಮ್ಮನೆ ನೋಡಿದರೆ ಏನು ಸವೆಯುತ್ತದೆ ಎಂದುಕೊಂಡಿದ್ದಳು. ಹಾಗೆ ತೋರಿಸಿದ್ದರಿಂದಲೇ ನಾಲ್ಕಾರು ಮದುವೆ ಆದದ್ದೂ ಉಂಟು. ಆದ್ದರಿಂದ ಅವಳ ಮನಸ್ಸಿನಲ್ಲಿ ಯಾವ ಕಸಿವಿಸಿಯೂ ಇರಲಿಲ್ಲ.

ಆರು ವರ್ಷದಲ್ಲಿ ಕಂಪ್ಯೂಟರಿಗೆ ವಯಸ್ಸಾಯಿತು. ಬೆಳಿಗ್ಗೆ ಗುಂಡಿ ಒತ್ತಿ, ಕಸ ಹೊಡೆದು, ರಂಗೋಲಿ ಹಾಕಿ, ಒಂದು ಬುಟ್ಟಿ ರೊಟ್ಟಿ ತಟ್ಟಿ ಬಂದರೆ ಪರದೆ ಆಗಷ್ಟೇ ಕಣ್ಣು ಬಿಡುತ್ತಿತ್ತು. “ದಾಂಡೇಲಿ ಗಾಡಿ ಹೋಗಿ ತಿರುಗಿ ಬಂತು, ನಿನ್ನ ಗಾಡಿ ಇನ್ನೂ ಸ್ಟ್ಯಾಂಡ್ ಬಿಟ್ಟಿಲ್ಲ” ಎಂದು ಮಹಾಂತಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು ಹಳೆಯ ದನಿಯಲ್ಲಿ ಕೂಗುತ್ತಿದ್ದ. ಅವಳು ಅದನ್ನೆಲ್ಲ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಆದರೆ ಆ ವರ್ಷದ ಮಾಘದಲ್ಲಿ ಆದ ಫಜೀತಿಯನ್ನು ಮಾತ್ರ ಕಿವಿಗೆ ಹಾಕಿಕೊಳ್ಳದೆ ಇರಲು ಆಗಲಿಲ್ಲ.

ಖಾನಾಪುರದ ಕಡೆಯಿಂದ ಒಂದು ಒಳ್ಳೆಯ ಮನೆತನದವರು ಬಂದಿದ್ದರು. ಹುಡುಗನ ತಾಯಿ, ಸೋದರಮಾವ, ಇಬ್ಬರು ಹೆಂಗಸರು. ಸುಶೀಲವ್ವ ಅವರಿಗೆಂದು ಮನಸ್ಸಿನಲ್ಲಿ ಇಟ್ಟುಕೊಂಡಿದ್ದವಳು ತೇರಗಾಂವದ ಮುದಕಪ್ಪನ ಮಗಳು ಸುಮನ. ಊರಿನ ಹಾಲಿನ ಡೇರಿಯಲ್ಲಿ ಹಾಲು ಅಳೆಯುವ ಕೆಲಸ, ಇಪ್ಪತ್ತೇಳು ವರ್ಷ. ಆರು ವರ್ಷದಿಂದ ಸುಶೀಲವ್ವ ಅವಳಿಗಾಗಿ ನೋಡುತ್ತಲೇ ಇದ್ದಳು. ಹೊಸ ಸಂಬಂಧ ಬಂದಾಗಲೆಲ್ಲ ಮುದಕಪ್ಪನನ್ನು ಸಂತೆಯಲ್ಲಿ ಹಿಡಿದು ಕೇಳುವುದು, ಅವನು “ತೋರಸ್ರಿ ಕಾಕು” ಅನ್ನುವುದು, ಸುಮನಳ ಫೋಟೋ ‘ವಾಪಸ್’ನಿಂದ ‘ನೋಡೂದು’ವಿಗೆ ಬರುವುದು, ಎಂಟು ದಿನಕ್ಕೆ ಮತ್ತೆ ‘ವಾಪಸ್’ಗೆ ಹೋಗುವುದು, ಹೀಗೇ ನಡೆದಿತ್ತು.

ಅವತ್ತು ಫೋಟೋ ತೆರೆಯಿತು. ಮೊದಲು ಕೂದಲು ಬಂತು. ಚಹಾ ಕುಡಿದರು. ಬೈತಲೆ ಬಂತು. ಚೂಡಾ ತಿಂದರು. ಹಣೆ ಬಂತು, ಕುಂಕುಮ ಬಂತು, ಹುಬ್ಬು ಬಂತು. ಹುಬ್ಬಿನ ಕೆಳಗೆ ಬಂದದ್ದೇ ತಡ, ಕಂಪ್ಯೂಟರ್ ಅಲ್ಲೇ ನಿಂತುಬಿಟ್ಟಿತು. ಮೌಸು ಎಳೆದರೂ ಇಲ್ಲ, ಗುಂಡಿ ಒತ್ತಿದರೂ ಇಲ್ಲ. ಎಲ್ಲರೂ ಸುಮ್ಮನೆ ಒಂದು ಹಣೆಯನ್ನು ನೋಡುತ್ತ ಕೂತರು.

“ಹಣಿ ಚಲೋ ಐತಿ,” ಎಂದಳು ಹುಡುಗನ ತಾಯಿ, ಮರ್ಯಾದೆಗೆ.

ಎರಡನೆಯ ಸಲ ಚಹಾ ಆಯಿತು. ಹಣೆ ಹಣೆಯಾಗಿಯೇ ಉಳಿಯಿತು. ಕೊನೆಗೆ ಸೋದರಮಾವ ಟೋಪಿ ಸರಿಮಾಡಿಕೊಂಡು ಎದ್ದ. “ಅರ್ಧಾ ಮುಖಕ್ಕ ನಿಂತೈತಿ ಅಂದ್ರ ಏನೋ ಸೂಚನಾ ಇರಬೇಕ್ರಿ. ಈ ಸಂಬಂಧ ಬ್ಯಾಡ,” ಎಂದ. ಮಹಾಂತಪ್ಪ ಬಾಗಿಲವರೆಗೂ ಹೋಗಿ, ಖಾನಾಪುರದ ಬಸ್ಸು ಎಷ್ಟಕ್ಕಿದೆ ಎಂದು ಹೇಳಿ ಬಂದ. ಸುಶೀಲವ್ವನಿಗೆ ಅಳು ಬರುವಷ್ಟು ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ.

ಮರುದಿನ ತಾರಿಕನನ್ನು ಕರೆಸಿದರು. ಬಸ್ ಸ್ಟ್ಯಾಂಡಿನ ಎದುರು ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು, ಮೂವತ್ತರ ಆಸುಪಾಸಿನ ತಣ್ಣನೆಯ ಮನುಷ್ಯ. ಡಬ್ಬಿಯ ಮುಚ್ಚಳ ಬಿಚ್ಚಿ ಧೂಳು ಊದಿ, ಮತ್ತೆ ಮುಚ್ಚಿ, ಕೂತು ಬಹಳ ಹೊತ್ತು ಏನೇನೋ ನೋಡಿದ.

“ಕಾಕು, ನಾ ಯಾವ ಫೋಟೋನೂ ತೆಗದು ನೋಡಂಗಿಲ್ಲ. ಬರೇ ಎಷ್ಟು ಅದಾವ ಅಂತ ಎಣಸ್ತೇನಿ,” ಎಂದು ಮೊದಲೇ ಹೇಳಿದ. ಆ ಮಾತಿಗೆ ಸುಶೀಲವ್ವನಿಗೆ ಅವನ ಮೇಲೆ ಗೌರವ ಮೂಡಿತು.

ಎಣಿಸಿದ. ‘ನೋಡೂದು’ವಿನಲ್ಲಿ ನಲವತ್ತೊಂದು, ‘ಕೂಡಿದ್ದು’ವಿನಲ್ಲಿ ಐವತ್ತೆಂಟು, ‘ವಾಪಸ್’ನಲ್ಲಿ ಎರಡು ನೂರಾ ಆರು.

“ಇದು ಅನಿಲಣ್ಣನ ಸ್ಟುಡಿಯೊದ ಮಷೀನು. ಸ್ಕ್ಯಾನರ್ ಸೆಟ್ಟಿಂಗ್ ಅವ್ರದ್ದ ಉಳದೈತಿ. ನಿಮ್ಮ ಒಂದೊಂದು ಫೋಟೋನೂ ಗ್ವಾಡಿಗೆ ಹಚ್ಚೂವಷ್ಟು ದೊಡ್ಡದು. ಒಳಗ ಉಸರಾಡಾಕ ಜಾಗಾ ಇಲ್ರಿ. ಮ್ಯಾಲೆ ವೈರಸ್ ಬ್ಯಾರೆ ತುಂಬೇತಿ. ಪೂರಾ ಒರಸಿ ಹೊಸದಾಗಿ ಹಾಕಬೇಕು. ಫಾರ್ಮ್ಯಾಟ್ ಮಾಡಬೇಕು,” ಎಂದ.

“ಒರಸೂದಂದ್ರ ಫೋಟೋ?”

“ಎಲ್ಲಾ ಹೋಗ್ತಾವ್ರಿ. ಬೇಕಂದ್ರ ಮೊದಲ ಸಣ್ಣ ಸೈಜಿಗೆ ಮಾಡಿ ಒಂದ ಸಿ.ಡಿ.ಯೊಳಗ ಇಟ್ಟು ಕೊಡ್ತೇನಿ. ಎರಡು ದಿನ ಹಿಡೀತೈತಿ, ಡಬ್ಬಿ ಅಂಗಡಿಗೆ ಒಯ್ಯಬೇಕು. ಮತ್ತ ಒಂದು ಮಾತು ಕಾಕು. ನೀವು ವಾಪಸ್ ಅಂತ ಬರದೀರಿ, ಅವು ಎಲ್ಲಾ ಇಲ್ಲೇ ಅದಾವಲ್ರಿ?”

“ಕೊಟ್ಟ ಬಂದೇನೋ ತಮ್ಮಾ. ಸಕ್ರಿ ಸಮೇತ ಕೊಟ್ಟ ಬಂದೇನಿ,” ಎಂದಳು ಸುಶೀಲವ್ವ.

“ಕಾಗದದ್ದು ಕೊಟ್ಟೀರಿ. ಇದು ನಿಮ್ಮ ಕಡೇನ ಉಳೀತು,” ಎಂದ ತಾರಿಕ. ಅವನು ಅದನ್ನು ಆಕ್ಷೇಪಣೆಯಾಗಿ ಹೇಳಲಿಲ್ಲ. ಬಕೆಟ್ಟಿನಲ್ಲಿ ತೂತು ಎಲ್ಲಿದೆ ಎಂದು ತೋರಿಸುವ ಹಾಗೆ ತೋರಿಸಿದ ಅಷ್ಟೆ. “ಶನಿವಾರ ಬರ್ತೇನಿ. ಸಿ.ಡಿ. ಮಾಡೂದೋ, ಹಂಗ ಒರಸೂದೋ, ಅಷ್ಟರಾಗ ವಿಚಾರ ಮಾಡಿ ಇಟ್ಟಿರ್ರಿ.”

ವಿಚಾರ ಮಾಡಲು ಏನಿದೆ ಎಂಬುದು ಮಹಾಂತಪ್ಪನ ಪ್ರಶ್ನೆ. ಅವನು ಹುಟ್ಟಾ ಕಂಟ್ರೋಲರ್, ಒಂದು ಚೀಟಿ ಹರಿದವನಲ್ಲ. ಎಂಬತ್ತೆರಡನೆಯ ಇಸವಿಯ ಬಸ್ ವೇಳಾಪಟ್ಟಿ ಇನ್ನೂ ಅವನ ಟ್ರಂಕಿನಲ್ಲಿದೆ, ಆ ಬಸ್ಸುಗಳು ಗುಜರಿಗೆ ಹೋಗಿ ಇಪ್ಪತ್ತು ವರ್ಷವಾದರೂ. “ಸಿ.ಡಿ. ಮಾಡಸು. ಆರು ವರ್ಷದ ದುಡಿಮಿ ಅದು. ಐವತ್ತೆಂಟು ಲಗ್ನದ್ದು ದಾಖಲಿ ಬ್ಯಾಡೇನು? ಕಪಾಟದಾಗ ಬಿದ್ದಿರ್ತೈತಿ, ಅದೇನ್ ಅನ್ನಾ ಕೇಳ್ತೈತಿ?” ಎಂದ.

ಸುಶೀಲವ್ವನಿಗೂ ಆಸೆ ಇಲ್ಲದಿರಲಿಲ್ಲ. ಬೇಸರವಾದಾಗ ‘ಕೂಡಿದ್ದು’ ತೆರೆದು ಒಬ್ಬೊಬ್ಬಳನ್ನೇ ನೋಡುವುದು ಅವಳಿಗೆ ಬಹಳ ಇಷ್ಟದ ಕೆಲಸ. ಇವಳಿಗೆ ಈಗ ಅವಳಿ ಮಕ್ಕಳು, ಇವಳು ಅತ್ತೆಯನ್ನೇ ಹದಕ್ಕೆ ತಂದವಳು ಎಂದು ತನಗೆ ತಾನೇ ಹೇಳಿಕೊಂಡು ನಗುತ್ತಿದ್ದಳು. ಅದೆಲ್ಲ ಹೋದರೆ ಏನು ಉಳಿಯಿತು? ಇತ್ತೀಚೆಗೆ ಹುಬ್ಬಳ್ಳಿಯಲ್ಲಿ ವಧೂವರರ ಕೇಂದ್ರಗಳು ದಪ್ಪ ದಪ್ಪ ಪುಸ್ತಕ ಅಚ್ಚು ಹಾಕಿಸುತ್ತಿವೆ. ಕೈಯಲ್ಲಿ ಫೋಟೋ ಇಲ್ಲದ ಸುಶೀಲಕಾಕುವಿನ ಬಾಗಿಲಿಗೆ ಇನ್ನು ಯಾರು ಬಂದಾರು? ಐವತ್ತೇಳರ ವಯಸ್ಸಿನಲ್ಲಿ ಮತ್ತೆ ಮೊದಲಿನಿಂದ ಕೂಡಿಹಾಕುವುದು ಆದೀತೇ? ಹೆದರಿಕೆಯಾಗಿದ್ದು ನಿಜ. ಆದರೆ ತಾರಿಕ ಹೇಳಿದ ಮಾತು ಅಕ್ಕಿಯಲ್ಲಿನ ಕಲ್ಲಿನಂತೆ ಹಲ್ಲಿಗೆ ಸಿಕ್ಕುತ್ತಲೇ ಇತ್ತು.

ಖಾನಾಪುರದವರ ಸುದ್ದಿಯನ್ನು ಸುಮನಳಿಗೆ ಹೇಳುವುದು ಬಾಕಿ ಇತ್ತು. ಈ ಸಲ ಮುದಕಪ್ಪನ ಹತ್ತಿರ ಹೇಳಿ ಕಳಿಸಲು ಮನಸ್ಸಾಗಲಿಲ್ಲ. ಗುರುವಾರ ಇಳಿಹೊತ್ತಿನ ಬಸ್ಸಿಗೆ ತೇರಗಾಂವಕ್ಕೆ ಹೊರಟಳು. ರೂಢಿಯಂತೆ ಸಕ್ಕರೆ ಕಟ್ಟಿಕೊಂಡಳು. ಬಸ್ಸಿನಲ್ಲಿ ಕೂತ ಮೇಲೆ, ಸಕ್ಕರೆ ಇದೆ, ಕೊಡಲು ಫೋಟೋ ಇಲ್ಲ ಎಂಬುದು ಹೊಳೆಯಿತು. ಸುಮನಳ ಕಾಗದದ ಫೋಟೋವನ್ನು ಅವಳು ಆರು ವರ್ಷದ ಹಿಂದೆ, ಮೊದಲ ಸಂಬಂಧ ತಪ್ಪಿದಾಗಲೇ ಕೊಟ್ಟಿದ್ದಳು. ಅನಂತರ ತಪ್ಪಿದ ಸಂಬಂಧಗಳಿಗೆಲ್ಲ ಮುದಕಪ್ಪನ ಕಿವಿಗೆ ಒಂದು ಮಾತು ಹಾಕಿದ್ದಷ್ಟೇ. ಹುಡುಗಿಯ ಮುಖ ನೋಡಿ ಎಷ್ಟೋ ಕಾಲವಾಗಿತ್ತು.

ಡೇರಿಯ ಮುಂದೆ ಸಂಜೆಯ ಹಾಲಿನ ಸರದಿ ಆಗಷ್ಟೇ ಮುಗಿದಿತ್ತು. ಸುಮನ ಹಾಲು ಅಳೆಯುವ ಮಾಪು ತೊಳೆದು ಬೋರಲು ಹಾಕುತ್ತಿದ್ದಳು. ಫೋಟೋದಲ್ಲಿದ್ದ ಹುಡುಗಿ ತೆಳ್ಳಗೆ, ಹಸಿರು ಸೀರೆಯಲ್ಲಿ ಗಾಬರಿಯಾಗಿ ನಿಂತವಳು. ಇಲ್ಲಿದ್ದವಳು ತೋಳು ಮಡಚಿ, ಮಾತಿನಲ್ಲಿ ಗಟ್ಟಿಯಾಗಿ, ಹತ್ತು ಗಂಡಸರಿಗೆ ಹಾಲಿಗೆ ಬೆರೆಸಿದ ನೀರನ್ನು ಎತ್ತಿ ತೋರಿಸಬಲ್ಲ ಹೆಣ್ಣು.

“ಬರ್ರಿ ಕಾಕು, ಕುಂಡ್ರಿ,” ಎಂದು ಸ್ಟೂಲು ಕೊಟ್ಟು, ಚಹಾ ಬಗ್ಗಿಸಿದಳು. ಸುಶೀಲವ್ವ ಸುದ್ದಿ ಹೇಳಿ ಸಕ್ಕರೆಯ ಪೊಟ್ಟಣ ಮುಂದೆ ಹಿಡಿದಳು. ಸುಮನ ತೆಗೆದುಕೊಂಡಳು. ಮತ್ತೆ ಕೈ ಚಾಚಿದಳು.

“ಫೋಟೋ ಎಲ್ಲೈತ್ರಿ?”

“ಫೋಟೋ ನಿನಗ ಆವತ್ತ ಕೊಟ್ಟೇನಲ್ಲವಾ.”

“ಹಂಗಾರ ಖಾನಾಪುರದವ್ರು ಏನ್ ನೋಡಿದ್ರು?”

ಸುಮನ ಸಿಟ್ಟಾಗಲಿಲ್ಲ. ಪಕ್ಕದ ಕ್ಯಾನಿನ ಮೇಲೆ ಕೂತು ನಿಧಾನವಾಗಿ ಹೇಳಿದಳು.

“ಹ್ವಾದ ತಿಂಗಳ ದಾಂಡೇಲಿಯಿಂದ ಒಬ್ಬಾಂವ ಹಿಂಡಿ ಮಾರಾಕ ಬಂದಿದ್ದ. ನಾ ಮಾಪು ಹಿಡಕೊಂಡು ನಿಂತಿದ್ದೆ, ಹಿಂದ ಹತ್ತು ಮಂದಿ ಪಾಳಿ ಹಚ್ಚಿದ್ರು. ನನ್ನ ಮುಖಾನ ನೋಡ್ಕೋತ ನಿಂತ. ಆಮ್ಯಾಲ, ‘ನಿಮ್ಮನ್ನ ಸುಶೀಲಕಾಕು ಮನ್ಯಾಗ ಕಂಪ್ಯೂಟರ್‌ನ್ಯಾಗ ನೋಡೇನಿ. ನಮ್ಮ ತಮ್ಮಗ ಹೆಣ್ಣು ನೋಡಾಕ ಹ್ವಾದಾಗ. ಹಸರ ಸೀರಿ, ಹೌದಲ್ಲ?’ ಅಂದ. ಎಲ್ಲಾರ ಮುಂದ. ಅವನ ಹೆಸರ ಏನು, ಅವನ ತಮ್ಮ ಯಾರು, ನನಗ ಗೊತ್ತಿಲ್ರಿ. ಅವ್ರು ನನ್ನ ನೋಡ್ಯಾರ, ಬ್ಯಾಡ ಅಂದಾರ, ಮನಿಗೆ ಹೋಗ್ಯಾರ. ನನಗ ಅದು ಗೊತ್ತ ಇಲ್ಲ. ಆವತ್ತಿಂದ ಡೇರಿಗೆ ಯಾರ ಹೊಸಬರು ಬಂದ್ರೂ, ಇವರೂ ನೋಡ್ಯಾರೋ ಏನೋ ಅನಸ್ತೈತಿ ಕಾಕು.”

ಸುಶೀಲವ್ವನ ಕೈಯಲ್ಲಿದ್ದ ಚಹಾ ಆರಿಹೋಯಿತು. ದಾಂಡೇಲಿಯವರಿಗೆ ತಾನು ‘ವಾಪಸ್’ ತೆರೆದು ತೋರಿಸಿದ್ದು ನೆನಪಿಗೆ ಬಂತು. ಮುಂಡಗೋಡದ ಆ ಟ್ರಂಕೂ ನೆನಪಾಯಿತು. ಆ ಟ್ರಂಕಿನಲ್ಲಿ ಇದ್ದದ್ದು ತನ್ನ ಒಬ್ಬಳ ಮುಖ. ತನ್ನ ಮನೆಯ ಡಬ್ಬಿಯಲ್ಲಿ ಇರುವುದು ಮುನ್ನೂರ ಐದು.

“ತಪ್ಪಾತವಾ,” ಎಂದಳು. ಅವಳ ಬಾಯಲ್ಲಿ ಆ ಮಾತು ಸಲೀಸಾಗಿ ಬರುವಂಥದ್ದಲ್ಲ. “ನಾ ವಾಪಸ್ ಕೊಟ್ಟೇನಿ ಅಂತನ ತಿಳಕೊಂಡಿದ್ದೆ.”

“ಲಗ್ನ ಬ್ಯಾಡ ಅಂತಲ್ಲ ಕಾಕು. ನನ್ನ ಮುಖ ನನಗ ಕೊಡ್ರಿ, ಅಷ್ಟ,” ಎಂದಳು ಸುಮನ. ಸಕ್ಕರೆಯ ಪೊಟ್ಟಣವನ್ನು ಬಿಚ್ಚಿ, ಒಂದು ಚಿಟಿಕೆ ತಾನು ಬಾಯಿಗೆ ಹಾಕಿಕೊಂಡು, ಒಂದು ಚಿಟಿಕೆ ಸುಶೀಲವ್ವನ ಕೈಗೆ ಹಾಕಿದಳು.

ಬಸ್ಸಿನಲ್ಲಿ ಬರುವಾಗ ಸುಶೀಲವ್ವನಿಗೆ ಮನಸ್ಸು ಗಟ್ಟಿಯಾಯಿತು. ಶುಕ್ರವಾರ ಇಡೀ ದಿನ ಇನ್ನೂರು ಪುಟದ ನೋಟುಬುಕ್ಕು ಹಿಡಿದು ಕಂಪ್ಯೂಟರಿನ ಮುಂದೆ ಕೂತಳು. ಫೋಟೋ ತೆರೆಯಲಿಲ್ಲ, ಹೆಸರುಗಳನ್ನು ಮಾತ್ರ ಬರೆದುಕೊಂಡಳು. ಪ್ರತಿ ಫೋಟೋಕ್ಕೂ ಊರಿನ ಹೆಸರು, ತಂದೆಯ ಹೆಸರು, ಹುಡುಗಿಯ ಹೆಸರು ಹಾಕಿಟ್ಟಿದ್ದಳು. ಆ ಅಚ್ಚುಕಟ್ಟು ಈಗ ಉಪಯೋಗಕ್ಕೆ ಬಂತು. ನಡುನಡುವೆ ಕಂಪ್ಯೂಟರ್ ನಿಂತಾಗ ಇವಳು ಬೇಳೆಗೆ ಒಗ್ಗರಣೆ ಹಾಕಿ ಬರುತ್ತಿದ್ದಳು.

ಶನಿವಾರ ಹತ್ತು ಗಂಟೆಗೆ ತಾರಿಕ ಬಂದ. “ಸಿ.ಡಿ. ಬ್ಯಾಡ. ಡಬ್ಬಿ ಮನಿ ಬಿಟ್ಟು ಹೋಗಂಗಿಲ್ಲ. ಇಲ್ಲೇ ಒರಸು,” ಎಂದಳು ಸುಶೀಲವ್ವ.

“‘ಕೂಡಿದ್ದು’ ಒಂದರ ಇಟ್ಕೋ ಮಾರಾಯ್ತಿ!” ಎಂದು ಮಹಾಂತಪ್ಪ ಕುರ್ಚಿಯಿಂದ ಅರ್ಧ ಎದ್ದ. “ಅವ್ರ ಲಗ್ನಾ ನೀನ ಮಾಡಿಸಿದ್ದಲ್ಲ?”

“ಲಗ್ನಾ ನಾ ಮಾಡಿಸಿರಬೇಕು, ಮುಖ ನಂದಲ್ರಿ. ಈಗ ಅವ್ರೆಲ್ಲಾ ಮಂದಿ ಮನಿ ಸೊಸೀರು. ಅವ್ರ ಫೋಟೋ ನಮ್ಮ ಕಪಾಟದಾಗ ಯಾಕ?” ಎಂದಳು. ಮಹಾಂತಪ್ಪ ಮತ್ತೆ ಕೂತ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಯಾವ ದನಿಗೆ ಕೂರಬೇಕು ಎಂಬುದು ಅವನಿಗೆ ಗೊತ್ತಿತ್ತು.

ತಾರಿಕ ತನ್ನ ಸಿ.ಡಿ. ಒಳಗೆ ಹಾಕಿ ಏನೇನೋ ಒತ್ತಿದ. ಪರದೆ ಕಪ್ಪಾಗಿ ಬಿಳಿ ಅಕ್ಷರ ಮೂಡಿದವು. “ಇರೂದೆಲ್ಲಾ ಹೋಗ್ತೈತಿ, ಮುಂದುವರೀಲೇನು ಅಂತ ಕೇಳಾಕತ್ತೈತ್ರಿ. ವಾಯ್ ಒತ್ತಿದ್ರ ಹೌದು, ಎನ್ ಒತ್ತಿದ್ರ ಇಲ್ಲ. ಒತ್ತಲೇನ್ರಿ?”

“ನೀ ಅತ್ತಾಗ ಸರಿ ತಮ್ಮಾ. ವಾಪಸ್ ಕೊಡೂದು ನನ್ನ ಕೈಲೇ ಆಗಬೇಕು.”

ಸೆರಗಿನಿಂದ ಬೆರಳು ಒರೆಸಿಕೊಂಡು ಅವಳೇ ಒತ್ತಿದಳು. ಒಂದು, ಎರಡು, ಮೂರು ಎಂದು ಶೇಕಡಾ ಲೆಕ್ಕ ಏರತೊಡಗಿತು. ಮಹಾಂತಪ್ಪ ಮೊದಮೊದಲು ಅದನ್ನು ಬಸ್ಸಿನ ನಂಬರಿನಂತೆ ಕೂಗುತ್ತಿದ್ದವನು, ಮೂವತ್ತು ದಾಟುವಾಗ ಹೆಂಡತಿಯ ಮುಖ ನೋಡಿ ಸುಮ್ಮನಾದ. ನೂರು ಆದಾಗ ಸುಶೀಲವ್ವನಿಗೆ ದುಃಖ ಒತ್ತರಿಸಿ ಬಂತು. ಯಾರಿಗೂ ನಾಚದೆ ಅತ್ತಳು. ತಾರಿಕ ತಲೆ ತಗ್ಗಿಸಿ ಬೇರೆ ವೈರು ಹುಡುಕುವವನಂತೆ ಮೇಜಿನ ಕೆಳಗೆ ಬಗ್ಗಿದ.

ಆಮೇಲೆ ಶುರುವಾಯಿತು ಅವಳ ತಿರುಗಾಟ. ಆ ಬೇಸಿಗೆಯೆಲ್ಲ ನೋಟುಬುಕ್ಕು, ಸಕ್ಕರೆಯ ಪೊಟ್ಟಣಗಳ ಚೀಲ ಹಿಡಿದು ಊರೂರು ಸುತ್ತಿದಳು. ದಾಂಡೇಲಿ, ಮೌಳಂಗಿ, ಜೋಯಿಡಾ, ಮುಂಡಗೋಡ. ಹುಡುಗಿ ಗಂಡನ ಮನೆಗೆ ಹೋಗಿದ್ದರೆ ಅಲ್ಲಿಗೂ. “ನಿನ್ನ ಫೋಟೋ ಕಂಪ್ಯೂಟರ್‌ನ್ಯಾಗ ಉಳದಿತ್ತವಾ, ಒರಸೇನಿ. ತಗೋ,” ಎಂದು ಸಕ್ಕರೆ ಕೊಡುವುದು. ಬಹಳ ಮಂದಿಗೆ ತಲೆಬುಡ ತಿಳಿಯಲಿಲ್ಲ. ಮೌಳಂಗಿಯಲ್ಲಿ ಒಬ್ಬಳು ಎರಡು ಮಕ್ಕಳ ತಾಯಿ, “ಯಾವ ಫೋಟೋ ಕಾಕು? ಯಾವಾಗಿಂದು?” ಎಂದು ಕೇಳುವಷ್ಟರಲ್ಲಿ ಮಕ್ಕಳು ಸಕ್ಕರೆ ಮುಗಿಸಿದ್ದವು. ದಾಂಡೇಲಿಯಲ್ಲಿ ಒಬ್ಬಳು ಮಾತ್ರ ಏನನ್ನೂ ಕೇಳಲಿಲ್ಲ. ಒಳಗೆ ಕರೆದು, ಬಾಗಿಲು ಮುಂದೆ ಮಾಡಿ, ಸುಶೀಲವ್ವನ ಎರಡೂ ಕೈ ಹಿಡಿದುಕೊಂಡು ಬಹಳ ಹೊತ್ತು ಕೂತಳು. ಅವಳು ಯಾಕೆ ಹಾಗೆ ಮಾಡಿದಳೆಂದು ಸುಶೀಲವ್ವ ಕೇಳಲಿಲ್ಲ, ಮನೆಗೆ ಬಂದು ಗಂಡನಿಗೂ ಹೇಳಲಿಲ್ಲ.

ಮೃಗಶಿರಾ ಮಳೆ ಹಿಡಿಯುವ ಹೊತ್ತಿಗೆ, ಒಂದು ಭಾನುವಾರ ಸುಮನ ತಾನೇ ಹಳಿಯಾಳಕ್ಕೆ ಬಂದಳು. ಕೈಯಲ್ಲಿ ಒಂದು ಗಿಂಡಿ ಗಿಣ್ಣದ ಹಾಲು. ಸುಶೀಲವ್ವ ಹಿಗ್ಗಿನಿಂದ ಕಂಪ್ಯೂಟರ್ ಹಚ್ಚಿದಳು. ಒಂದೇ ನಿಮಿಷದಲ್ಲಿ ಪರದೆ ಬೆಳಗಿತು.

“ನೋಡಿದ್ಯಾ ಹೆಂಗ ಓಡ್ತೈತಿ! ಈಗ ಏನೂ ಇಲ್ಲ ಇದರಾಗ. ನೀ ಒಪ್ಪಿ ಕೊಟ್ಟರ ಮಾತ್ರ ಹಾಕ್ತೇನಿ. ಫೋಟೋ ತಂದೀಯೇನು?”

“ಇಲ್ರಿ,” ಎಂದು ಸುಮನ ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತಳು. “ಆರು ವರ್ಷ ನನ್ನ ಎಲ್ಲಾರೂ ನೋಡ್ಯಾರ ಕಾಕು. ಈ ಸಲ ಮೊದಲ ನಾ ನೋಡ್ತೇನಿ. ಹುಡುಗರ ಫೋಟೋ ತೋರಸ್ರಿ.”

ಸುಶೀಲವ್ವನ ಕೈ ಮೌಸಿನ ಮೇಲೇ ನಿಂತಿತು. ಒರೆಸಿಹೋದವುಗಳಲ್ಲಿ ಎಲ್ಲಿಯಾದರೂ ಒಂದು ಇತ್ತೇ ಎಂದು ಮನಸ್ಸಿನಲ್ಲೇ ಹುಡುಕಿದಳು. ಮುನ್ನೂರ ಐದರಲ್ಲಿ ಒಬ್ಬನೇ ಒಬ್ಬ ಹುಡುಗ ಇರಲಿಲ್ಲ. ಆರು ವರ್ಷದಲ್ಲಿ, ಅದಕ್ಕೂ ಹಿಂದಿನ ಇಪ್ಪತ್ತು ವರ್ಷದಲ್ಲಿ, ಗಂಡಿನ ಮನೆಯವರನ್ನು ಅವಳು ಒಂದು ಫೋಟೋ ಕೇಳಿದ್ದೇ ಇಲ್ಲ. ಹುಡುಗನ ಹೊಲ ಎಷ್ಟು, ಮನೆ ಎಂಥದು, ಕುಡಿತ ಉಂಟೋ ಇಲ್ಲವೋ, ಎಲ್ಲ ಕೇಳುತ್ತಿದ್ದಳು. ಮುಖ ಕೇಳಬೇಕೆಂದು ಹೊಳೆದೇ ಇರಲಿಲ್ಲ.

“ಒಂದು ವಾರ ಕೊಡವಾ,” ಎಂದಳು.

ಬುಧವಾರ ಅವಳು ದಾಂಡೇಲಿಯ ಗೋದುಬಾಯಿಯ ಮನೆಯಲ್ಲಿ ಕೂತಿದ್ದಳು. ಗೋದುಬಾಯಿಯ ಮಗ ಸುದೀಪನಿಗೆ ಮೂವತ್ತು, ಕಾಗದದ ಮಿಲ್ಲಿನಲ್ಲಿ ಕೆಲಸ, ಹೆಣ್ಣು ಹುಡುಕುತ್ತಿದ್ದರು. ಸುಶೀಲವ್ವ ಫೋಟೋ ಕೇಳಿದಳು. ಗೋದುಬಾಯಿ ಕಣ್ಣರಳಿಸಿ ನೋಡಿದಳು.

“ಗಂಡಸು ಹುಡುಗನ ಫೋಟೋ ಯಾಕ ಬೇಕ್ರಿ ನಿಮಗ?”

“ಹುಡುಗಿ ನೋಡಬೇಕಂತ.”

“ಅಯ್ಯ! ಆಕಿ ನೋಡಿ ಬ್ಯಾಡ ಅಂದ್ರ?”

ಸುಶೀಲವ್ವ ಚಹಾದ ಕಪ್ಪು ಕೆಳಗಿಟ್ಟು, ಬಾಯಿ ಒರೆಸಿಕೊಂಡು, ಗೋದುಬಾಯಿಯ ಕೈ ಹಿಡಿದು ಹೇಳಿದಳು: “ಏನೂ ಚಿಂತಿ ಮಾಡಬ್ಯಾಡ್ರಿ. ಬ್ಯಾಡ ಅಂದ್ರ ಕಂಪ್ಯೂಟರ್‌ನ್ಯಾಗಿಂದ ಒರಸಿ, ಎಂಟು ದಿನದಾಗ ನಾನ ಬಂದು ನಿಮ್ಮ ಮಗನ ಕೈಯಾಗ ವಾಪಸ್ ಕೊಡ್ತೇನಿ, ಸಕ್ರಿ ಸಮೇತ.”